ಹನ್ನೆರಡು ದ್ರಾಕ್ಷಿ, ಒಂದು ಗಡಿಗೆ ಬೇವು

2024ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಹೊಲಕ್ಕೆ ಹೋಗಿ, ಬೆಳೆಗೆ ಚರಗದ ಎಡೆ ಚೆಲ್ಲಿ, ಬುತ್ತಿ ಬಿಚ್ಚಿ ಭಜ್ಜಿ-ರೊಟ್ಟಿ ಉಂಡು ಕಲಬುರಗಿಗೆ ಮರಳಿದ ಮರುದಿನ ಸಂಜೆ ಅಣ್ಣನ ಮಗಳು ದ್ರಾಕ್ಷಿ ಬೇಕೆಂದು ಹಟ ಹಿಡಿದಳು. ನಡುರಾತ್ರಿ ಹನ್ನೆರಡು ಹೊಡೆಯುವಾಗ ಹನ್ನೆರಡು ದ್ರಾಕ್ಷಿ ತಿಂದರೆ ಹನ್ನೆರಡು ತಿಂಗಳೂ ಒಳ್ಳೆಯದಾಗುತ್ತದೆ ಎಂಬುದನ್ನು ಆಕೆ ಮೊಬೈಲಿನಲ್ಲಿ ನೋಡಿದ್ದಳು. ಸೂಪರ್ ಮಾರ್ಕೆಟ್ ಕಡೆ ಹೊರಟೆವು. ಬೇಕರಿಗಳ ಮುಂದೆ ಮೇಜು ಹಾಕಿ ಕೇಕುಗಳನ್ನು ಸಾಲಾಗಿ ಜೋಡಿಸಿದ್ದರು, ಜನ ಮುಗಿಬಿದ್ದಿದ್ದರು; ಹಣ್ಣಿನ ಬಂಡಿಗಳಲ್ಲಿ ಮಾತ್ರ ಪೇರಲ, ಬಾರಿಹಣ್ಣು, ಪಪ್ಪಾಯಿ. ‘ಈಗ ದ್ರಾಕ್ಷಿ ಎಲ್ಲಿಂದ್ ತರ್ಬೇಕ್ರೀ ಸಾಹೇಬ್ರ, ಸಂಕ್ರಮಣ ಆಗ್ಲಿ, ಆಮ್ಯಾಲ ಬರ್ರಿ’ ಎಂದು ಬಂಡಿಯವನು ನಕ್ಕುಬಿಟ್ಟ. ಕೊನೆಗೆ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ದ್ರಾಕ್ಷಿ ಸಿಕ್ಕಿತು. ಅದರ ಬೆಲೆ ಕೇಳಿದ ಮೇಲೆ ಹುಡುಗಿಯೇ ‘ಕಾಕಾ, ಹನ್ನೆರಡಷ್ಟೇ ಕೊಡ್ತಾರೇನು ಕೇಳು’ ಎಂದಳು.

ಬಂಡಿಯವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ವಿಜಯಪುರ ಕಡೆಯ ದ್ರಾಕ್ಷಿ ನಮ್ಮ ಪೇಟೆಗೆ ಹೇರಳವಾಗಿ ಇಳಿಯುವುದು ಸಂಕ್ರಮಣ ಕಳೆದ ನಂತರವೇ. ಹಾಗಾದರೆ ಈ ಪದ್ಧತಿಯ ತವರಾದ ಸ್ಪೇನ್ ದೇಶದವರಿಗೆ ಡಿಸೆಂಬರ್ ಚಳಿಯಲ್ಲಿ, ಅದೂ ಇಡೀ ದೇಶ ಒಂದೇ ಕ್ಷಣದಲ್ಲಿ ತಿನ್ನುವಷ್ಟು ದ್ರಾಕ್ಷಿ ಸಿಗುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಹೊಸ ವರ್ಷದ ‘ಅದೃಷ್ಟದ ಊಟ’ ಎಂಬ ಇಡೀ ವಿಷಯವನ್ನು ಬಿಡಿಸಿಕೊಳ್ಳಲು ಈ ಪ್ರಶ್ನೆಯಿಂದಲೇ ಆರಂಭಿಸುವುದು ಅನುಕೂಲ.

ಸ್ಪೇನಿನ ಅಲಿಕಾಂಟೆ ಪ್ರಾಂತದಲ್ಲಿ ವಿನಲೋಪೊ ಎಂಬ ಕಣಿವೆಯಿದೆ. ಅಲ್ಲಿಯ ಬೆಳೆಗಾರರು ಬೇಸಿಗೆಯಲ್ಲಿ, ಕಾಯಿ ಇನ್ನೂ ಹಸಿರಿರುವಾಗಲೇ, ಪ್ರತಿ ಗೊಂಚಲಿಗೂ ಒಂದೊಂದು ಕಾಗದದ ಚೀಲ ಕಟ್ಟುತ್ತಾರೆ. ಚೀಲದೊಳಗಿನ ಗೊಂಚಲಿಗೆ ಹುಳು, ಹಕ್ಕಿ, ಬಿಸಿಲು ತಾಗುವುದಿಲ್ಲ. ಹಣ್ಣು ನಿಧಾನವಾಗಿ ಮಾಗುತ್ತ ಡಿಸೆಂಬರಿನವರೆಗೂ ಬಳ್ಳಿಯಲ್ಲೇ ಉಳಿಯುತ್ತದೆ. ಮ್ಯಾಡ್ರಿಡ್ ನಗರದ ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ 1866ರಿಂದ ಒಂದು ದೊಡ್ಡ ಗಡಿಯಾರವಿದೆ. ಡಿಸೆಂಬರ್ 31ರ ನಡುರಾತ್ರಿ ಅದರ ಹನ್ನೆರಡು ಹೊಡೆತಗಳು ಸುಮಾರು ಮೂರು ಮೂರು ಸೆಕೆಂಡಿಗೆ ಒಂದರಂತೆ ಬೀಳುತ್ತವೆ, ಒಂದೊಂದು ಹೊಡೆತಕ್ಕೆ ಒಂದೊಂದು ಹಣ್ಣನ್ನು ನುಂಗಬೇಕು. ಅದಕ್ಕೂ ಮೊದಲು ಕಾಲುಗಂಟೆಯ ಸಣ್ಣ ಗಂಟೆಗಳು ಮೊಳಗುವುದರಿಂದ ಹೊಸಬರು ಅದನ್ನೇ ನಿಜವೆಂದು ತಿಳಿದು ಮುಂಚೆಯೇ ಬಾಯಿ ತುಂಬಿಕೊಳ್ಳುವುದೂ ಉಂಟು. 1909ರಲ್ಲಿ ಅಲಿಕಾಂಟೆ ಕಡೆ ದ್ರಾಕ್ಷಿ ಮಿತಿಮೀರಿ ಬೆಳೆದು, ಅದನ್ನು ಮಾರಿ ಮುಗಿಸಲು ಬೆಳೆಗಾರರೇ ಈ ಪದ್ಧತಿಯನ್ನು ಹುಟ್ಟುಹಾಕಿದರು ಎಂಬ ಕಥೆ ಎಲ್ಲೆಡೆ ಕೇಳಿಬರುತ್ತದೆ. ಆದರೆ 1890ರ ದಶಕದ ಮ್ಯಾಡ್ರಿಡ್ ಪತ್ರಿಕೆಗಳಲ್ಲೇ ಹೊಸ ವರ್ಷದ ದ್ರಾಕ್ಷಿಯ ಪ್ರಸ್ತಾಪವಿದೆ. ಆದ್ದರಿಂದ ಬೆಳೆಗಾರರು ಪದ್ಧತಿಯನ್ನು ಹುಟ್ಟಿಸಿದರು ಎನ್ನುವುದಕ್ಕಿಂತ, ಮೊದಲೇ ಇದ್ದ ಪದ್ಧತಿಯನ್ನು ಊರೂರಿಗೆ ಹಬ್ಬಿಸಿದರು ಎನ್ನುವುದು ಹೆಚ್ಚು ಸರಿ. ಗಟ್ಟಿ ದ್ರಾಕ್ಷಿ ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆಯೆಂದು ಅಲ್ಲಿಯ ಮಕ್ಕಳ ವೈದ್ಯರು ಪ್ರತಿವರ್ಷ ಎಚ್ಚರಿಸುತ್ತಾರೆ. ನಮ್ಮ ಮನೆಯ ಚಿಕ್ಕವರಿಗೂ ಅಂದು ಹಣ್ಣನ್ನು ಉದ್ದಕ್ಕೆ ಸೀಳಿಯೇ ಕೊಟ್ಟೆವು.

ಹೀಗೆ ನೋಡಿದರೆ ಅದೃಷ್ಟದ ಊಟಕ್ಕೆ ಎರಡು ಬೇರುಗಳಿರುವುದು ಕಾಣುತ್ತದೆ. ವರ್ಷ ಹೊರಳುವ ಹೊತ್ತಿಗೆ ಆ ನೆಲದಲ್ಲಿ, ಆ ಕಣಜದಲ್ಲಿ ಏನು ಹೇರಳವಾಗಿರುತ್ತದೆಯೋ ಅದು ಮೊದಲನೆಯ ಬೇರು. ಆ ಪದಾರ್ಥದ ಆಕಾರವೋ, ಎಣಿಕೆಯೋ, ಹೆಸರೋ, ರುಚಿಯೋ ಮನುಷ್ಯನ ಯಾವುದೋ ಆಸೆಯನ್ನು ಹೋಲುವುದು ಎರಡನೆಯದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಹೇಳುವುದರಿಂದ ಈ ಪದ್ಧತಿಗಳು ವಿಚಿತ್ರವಾಗಿ ಕಾಣುತ್ತವೆ.

ಕಾಳುಗಳನ್ನೇ ನೋಡೋಣ. ಇಟಲಿಯಲ್ಲಿ ಹೊಸ ವರ್ಷದ ರಾತ್ರಿ ಹಂದಿಮಾಂಸದ ದಪ್ಪ ಸಾಸೇಜಿನ ಜೊತೆ ಚನ್ನಂಗಿ ಬೇಳೆಯ ಜಾತಿಯ ಕಾಳನ್ನು ಬೇಯಿಸಿ ತಿನ್ನುತ್ತಾರೆ. ಚಪ್ಪಟೆಯಾಗಿ, ದುಂಡಗೆ ಇರುವ ಆ ಕಾಳು ನಾಣ್ಯವನ್ನು ಹೋಲುತ್ತದೆ. ಬೆಂದಾಗ ಉಬ್ಬಿ ಹೆಚ್ಚಾಗುತ್ತದೆ. ಹಿಡಿ ಕಾಳು ಪಾತ್ರೆ ತುಂಬುವುದನ್ನು ಕಂಡ ಯಾವ ಗೃಹಿಣಿಗಾದರೂ ಹಣವೂ ಹೀಗೆಯೇ ಉಬ್ಬಲಿ ಎನಿಸುವುದು ಸಹಜ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದೇ ಸ್ಥಾನ ಅಲಸಂದಿಗೆ ಸಂದಿದೆ. ಅಲಸಂದಿ, ಅನ್ನ, ಹಂದಿಮಾಂಸ ಸೇರಿಸಿ ಮಾಡುವ ‘ಹಾಪಿಂಗ್ ಜಾನ್’ ಎಂಬ ಅಡುಗೆಯ ವಿಧಾನ 1847ರಲ್ಲೇ ಚಾರ್ಲ್ಸ್‌ಟನ್ ಕಡೆಯ ಒಂದು ಅಡುಗೆ ಪುಸ್ತಕದಲ್ಲಿ ಅಚ್ಚಾಗಿದೆ. ಕಾಳು ನಾಣ್ಯ, ಜೊತೆಗಿನ ಸೊಪ್ಪು ಹಸಿರು ನೋಟು, ಗೋವಿನಜೋಳದ ಹಳದಿ ರೊಟ್ಟಿ ಬಂಗಾರ ಎಂದು ಅಲ್ಲಿ ಅರ್ಥ ಹಚ್ಚುತ್ತಾರೆ. ಈ ಅರ್ಥಕ್ಕಿಂತ ಆ ಕಾಳು ಅಲ್ಲಿಗೆ ಬಂದ ದಾರಿ ದೊಡ್ಡ ಕಥೆ. ಅಲಸಂದಿ ಆಫ್ರಿಕದ ಬೆಳೆ. ಹಡಗುಗಳಲ್ಲಿ ಗುಲಾಮರಾಗಿ ಸಾಗಿಸಲ್ಪಟ್ಟ ಪಶ್ಚಿಮ ಆಫ್ರಿಕದ ಜನರೊಂದಿಗೆ ಅದು ಅಟ್ಲಾಂಟಿಕ್ ದಾಟಿತು, ಅವರ ಕೈಯಡುಗೆಯಾಗಿ ಬೆಳೆದು ಕೊನೆಗೆ ಒಡೆಯರ ಮೇಜಿಗೂ ಏರಿತು.

ಅದೇ ದಾರಿಯಲ್ಲಿ ನಮ್ಮ ತೊಗರಿಯೂ ಹೋಗಿದೆ. ಭಾರತ ಮೂಲದ ಈ ಕಾಳು ಆಫ್ರಿಕಕ್ಕೆ ಹೋಗಿ, ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೆ ದಾಟಿತು. ಪೋರ್ಟೊರಿಕೊದಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಊಟಕ್ಕೆ ಹಸಿ ತೊಗರಿಕಾಳು ಹಾಕಿದ ಅನ್ನ ಇರಲೇಬೇಕು. ಜಮೈಕಾದಲ್ಲಿ ವರ್ಷವಿಡೀ ಬೇರೆ ಕಾಳಿನೊಂದಿಗೆ ಮಾಡುವ ಅನ್ನವನ್ನು ಕ್ರಿಸ್‌ಮಸ್ ಹೊತ್ತಿಗೆ ತೊಗರಿಯೊಂದಿಗೆ ಮಾಡುತ್ತಾರೆ, ಏಕೆಂದರೆ ತೊಗರಿ ಆಗಲೇ ಕಾಯಿ ತುಂಬಿ ನಿಂತಿರುತ್ತದೆ. ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹೊಸ ತೊಗರಿಯ ಚೀಲಗಳು ಬರುವುದೂ ಅದೇ ಡಿಸೆಂಬರ್-ಜನವರಿಯಲ್ಲಿ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಜಿಲ್ಲೆಯ ತೊಗರಿಯ ಸೋದರಸಂಬಂಧಿ ಸಾವಿರಾರು ಮೈಲಿ ದೂರದ ದ್ವೀಪಗಳಲ್ಲಿ ಹಬ್ಬದ ಅನ್ನವಾಗಿರುವುದನ್ನು ನಮ್ಮಲ್ಲಿ ಹೆಚ್ಚು ಜನ ಬಲ್ಲಂತಿಲ್ಲ.

ಹಾಗೆ ನೋಡಿದರೆ ಎಳ್ಳ ಅಮಾವಾಸ್ಯೆಯ ಭಜ್ಜಿ ಪಂಚಾಂಗದ ಪ್ರಕಾರ ಹೊಸ ವರ್ಷದ ಅಡುಗೆಯಲ್ಲದಿದ್ದರೂ ಈ ಕುಟುಂಬಕ್ಕೇ ಸೇರಿದ್ದು. ಬೆಂಗಳೂರಿನವರು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಎಂದುಕೊಳ್ಳುತ್ತಾರೆ. ಕಲಬುರಗಿ, ಬೀದರ, ಯಾದಗಿರಿ ಸೀಮೆಯಲ್ಲಿ ಅದು ಬೇರೆಯೇ ಪದಾರ್ಥ. ಹಿಂದಿನ ರಾತ್ರಿ ಮನೆಮಂದಿಯೆಲ್ಲ ಕೂತು ಹಸಿ ತೊಗರಿ, ಅವರೆ, ಬಟಾಣಿ, ಕಡಲೆಗಳನ್ನು ಸುಲಿಯಬೇಕು. ನೆನೆಸಿದ ಶೇಂಗಾ, ಮೆಂತ್ಯೆ ಪಲ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಬದನೆಕಾಯಿ ಎಲ್ಲವೂ ಒಂದೇ ಹಂಡೆಗೆ ಬೀಳುತ್ತವೆ. ಹುಣಸೆಹುಳಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಕೂಡಿಸಿ, ಕಡಲೆಹಿಟ್ಟು ಕಲಸಿ ಗಟ್ಟಿ ಮಾಡುತ್ತಾರೆ. ಮರುದಿನ ಅದನ್ನು ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಬೀದರ ಕಡೆಯಾದರೆ ಅಂಬಲಿ, ಇವುಗಳ ಜೊತೆ ಹೊಲಕ್ಕೆ ಒಯ್ದು, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಮೊದಲ ತುತ್ತನ್ನು ಬೆಳೆಗೇ ಚೆಲ್ಲುತ್ತಾರೆ. ಇಟಲಿಯವರು ತಿಂದು ಸಮೃದ್ಧಿಯನ್ನು ಬೇಡುತ್ತಾರೆ. ಇಲ್ಲಿ ತಿನ್ನುವ ಮೊದಲು ಭೂಮಿಗೆ ತಿನ್ನಿಸುತ್ತಾರೆ. ಈ ವ್ಯತ್ಯಾಸ ನನಗೆ ಸಣ್ಣದೆನಿಸುವುದಿಲ್ಲ.

ಆಕಾರದ ಅದೃಷ್ಟ ಸುಲಭವಾಗಿ ಗಡಿ ದಾಟುತ್ತದೆ. ಹನ್ನೆರಡು ದ್ರಾಕ್ಷಿ ಸ್ಪೇನಿನಿಂದ ಮೆಕ್ಸಿಕೊ ಮುಂತಾದ ದೇಶಗಳಿಗೆ ಹೋಯಿತು. ಫಿಲಿಪ್ಪೀನ್ಸಿನಲ್ಲಿ ಹನ್ನೆರಡು ಬಗೆಯ ದುಂಡನೆಯ ಹಣ್ಣುಗಳನ್ನು ಮೇಜಿನ ಮೇಲೆ ಇಡುವ ರೂಢಿಯಿದೆ. ಈಗ ಮೊಬೈಲಿನ ದಾರಿ ಹಿಡಿದು ದ್ರಾಕ್ಷಿ ಕಲಬುರಗಿಗೂ ಬಂದಿದೆ. ಹನ್ನೆರಡು ಎಂಬ ಎಣಿಕೆಯಾಗಲಿ, ದುಂಡನೆಯ ನಾಣ್ಯವಾಗಲಿ ಯಾರಿಗೂ ಬಿಡಿಸಿ ಹೇಳಬೇಕಾದದ್ದಲ್ಲ. ಹೆಸರಿನ ಅದೃಷ್ಟದ ಸಂಗತಿಯೇ ಬೇರೆ. ಅದು ತಾನು ಹುಟ್ಟಿದ ಭಾಷೆಯ ಹೊಸ್ತಿಲು ದಾಟುವುದು ಕಷ್ಟ.

ಚೀನೀ ಭಾಷೆಯಲ್ಲಿ ಮೀನಿಗೂ ‘ಮಿಕ್ಕಿದ್ದು’ ಎಂಬುದಕ್ಕೂ ಉಚ್ಚಾರ ಒಂದೇ, ‘ಯೂ’. ಆದ್ದರಿಂದ ಹೊಸ ವರ್ಷದ ಹಿಂದಿನ ರಾತ್ರಿ ಇಡೀ ಮೀನನ್ನು ಬಡಿಸಿ, ಪೂರ್ತಿ ತಿನ್ನದೆ ಸ್ವಲ್ಪ ಉಳಿಸುತ್ತಾರೆ. ವರ್ಷವೂ ಹೀಗೆಯೇ ಉಂಡು ಮಿಗಲಿ ಎಂದು ಅದರ ಭಾವ. ಅಂಟಕ್ಕಿಯ ಕಡುಬಿನ ಹೆಸರು ‘ನಿಯೆನ್ ಗಾವ್’, ಅದನ್ನೇ ‘ವರ್ಷದಿಂದ ವರ್ಷಕ್ಕೆ ಎತ್ತರ’ ಎಂದೂ ಕೇಳಿಸಿಕೊಳ್ಳಬಹುದು. ಇವೆಲ್ಲ ನಿರುಪದ್ರವಿಗಳು. ‘ಫಾ ತ್ಸಾಯ್’ ಎಂಬ ಕೂದಲಿನಂಥ ಪಾಚಿಯ ಕಥೆ ಹಾಗಲ್ಲ. ‘ಸಿರಿವಂತನಾಗು’ ಎಂಬ ಹಾರೈಕೆಯ ಧ್ವನಿಯನ್ನೇ ಅದರ ಹೆಸರೂ ಹೋಲುವುದರಿಂದ ದಕ್ಷಿಣ ಚೀನದಲ್ಲಿ ಹಬ್ಬದ ಊಟಕ್ಕೆ ಅದಕ್ಕೆ ಭಾರಿ ಬೇಡಿಕೆ ಬಂತು. ಅದು ಬೆಳೆಯುವುದು ಉತ್ತರ ಚೀನದ ಒಣ ಹುಲ್ಲುಗಾವಲುಗಳ ನೆಲಕ್ಕೆ ಅಂಟಿಕೊಂಡು. ಜನ ಅದನ್ನು ಕೆರೆದು ತೆಗೆಯುತ್ತ ಹೋದಂತೆ ಹುಲ್ಲಿನ ಬೇರು ಕಿತ್ತು, ಮಣ್ಣು ಗಾಳಿಗೆ ಹಾರಿ, ಹುಲ್ಲುಗಾವಲು ಮರಳುಗಾಡಾಗತೊಡಗಿತು. ಕೊನೆಗೆ 2000ದಲ್ಲಿ ಚೀನ ಸರ್ಕಾರ ಅದರ ಸಂಗ್ರಹಣೆ ಮತ್ತು ಮಾರಾಟವನ್ನೇ ನಿಷೇಧಿಸಬೇಕಾಯಿತು. ಒಂದು ಶ್ಲೇಷೆ ಇಷ್ಟು ಎಕರೆ ನೆಲವನ್ನು ತಿಂದದ್ದಕ್ಕೆ ಬೇರೆ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಜಪಾನಿನ ಹೊಸ ವರ್ಷದ ಬುತ್ತಿ ಎಂದರೆ ಅಂಥ ಶ್ಲೇಷೆಗಳ ಪೆಟ್ಟಿಗೆಯೇ. ‘ಒಸೆಚಿ’ ಎಂಬ ಆ ಅಡುಗೆಗಳನ್ನು ಒಂದರ ಮೇಲೊಂದು ಇಟ್ಟ ಅರಗಿನ ಪೆಟ್ಟಿಗೆಗಳಲ್ಲಿ ಜೋಡಿಸುತ್ತಾರೆ. ಅದರಲ್ಲಿ ಕರಿ ಸೋಯಾಕಾಳು ಇರುತ್ತದೆ, ಕಾಳಿಗೂ ಆರೋಗ್ಯದಿಂದ ದುಡಿಯುವುದಕ್ಕೂ ‘ಮಾಮೆ’ ಎಂಬ ಒಂದೇ ಶಬ್ದ. ‘ಕೊಂಬು’ ಎಂಬ ಕಡಲಪಾಚಿ ಇರುತ್ತದೆ, ಸಂತೋಷಪಡುವುದಕ್ಕೆ ‘ಯೊರೊಕೊಬು’ ಎನ್ನುತ್ತಾರೆ. ತಾವರೆಯ ದಂಟಿನ ತೂತುಗಳಲ್ಲಿ ಮುಂದಿನ ದಿನಗಳು ಕಾಣುತ್ತವೆ, ಸೀಗಡಿಯ ಬಾಗಿದ ಬೆನ್ನು ಮುಪ್ಪಿನವರೆಗಿನ ಬಾಳನ್ನು ಸೂಚಿಸುತ್ತದೆ. ಇವೆಲ್ಲ ಸಕ್ಕರೆ, ಉಪ್ಪು, ಹುಳಿಯಲ್ಲಿ ಕೆಡದಂತೆ ಮೊದಲೇ ಮಾಡಿಟ್ಟ ಪದಾರ್ಥಗಳು, ಏಕೆಂದರೆ ವರ್ಷದ ಮೊದಲ ಮೂರು ದಿನ ಒಲೆಗೂ ಒಲೆಯ ಮುಂದಿನ ಹೆಣ್ಣುಮಕ್ಕಳಿಗೂ ವಿಶ್ರಾಂತಿ. ಅದೃಷ್ಟದ ಊಟಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ನಿಯಮ ಇದು. ನಮ್ಮ ಯುಗಾದಿಯ ದಿನ ಹೋಳಿಗೆ ಲಟ್ಟಿಸುವವರನ್ನು ಕೇಳಿದರೆ ಅವರೂ ಇದನ್ನೇ ಆರಿಸಿಯಾರು. 1873ರಲ್ಲಿ ಜಪಾನ್ ಪಾಶ್ಚಾತ್ಯ ಪಂಚಾಂಗವನ್ನು ಒಪ್ಪಿದಾಗ ಈ ಊಟವೂ ಹಾಗೆಯೇ ಜನವರಿ ಒಂದಕ್ಕೆ ಸರಿಯಿತು. ಅಂಟಕ್ಕಿಯ ‘ಮೋಚಿ’ ಉಂಡೆ ಮಾತ್ರ ಪ್ರತಿವರ್ಷ ಕೆಲವು ಮುದುಕರ ಗಂಟಲಲ್ಲಿ ಸಿಕ್ಕಿ ಜೀವ ತೆಗೆಯುತ್ತದೆ, ಸಣ್ಣಗೆ ತುಂಡರಿಸಿ ತಿನ್ನಿರೆಂದು ಅಲ್ಲಿಯ ಅಧಿಕಾರಿಗಳು ಸಾರುತ್ತಲೇ ಇರುತ್ತಾರೆ.

ಭಾಷೆ ಬದಲಾದಾಗ ಅದೃಷ್ಟ ಏನಾಗುತ್ತದೆ ಎಂಬುದಕ್ಕೆ ಯಹೂದಿಗಳ ಹೊಸ ವರ್ಷ, ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ ಬರುವ ರೋಷ್ ಹಶಾನಾ, ಒಳ್ಳೆಯ ಉತ್ತರ ಕೊಡುತ್ತದೆ. ನಾಲ್ಕನೆಯ ಶತಮಾನದ ಬ್ಯಾಬಿಲೋನಿಯದ ಅಬಾಯೆ ಎಂಬ ಪಂಡಿತ ವರ್ಷಾರಂಭಕ್ಕೆ ಐದು ಪದಾರ್ಥಗಳನ್ನು ಹೇಳಿದ್ದು ಯಹೂದಿಗಳ ಧರ್ಮಗ್ರಂಥವಾದ ತಾಲ್ಮುದಿನಲ್ಲಿ ದಾಖಲಾಗಿದೆ. ಅವುಗಳಲ್ಲಿ ಕುಂಬಳ-ಸೋರೆ ಜಾತಿಯ ಕಾಯಿಯೂ ಖರ್ಜೂರವೂ ಸೇರಿವೆ. ಅವುಗಳಲ್ಲೇ ಒಂದಾದ ‘ರುಬಿಯಾ’ ಎಂಬ ಹೆಸರು ಹೀಬ್ರೂವಿನ ‘ಹೆಚ್ಚಲಿ’ ಎಂಬ ಕ್ರಿಯಾಪದವನ್ನು ನೆನಪಿಸುತ್ತದೆ. ಆ ರುಬಿಯಾ ಯಾವುದು ಎಂಬ ಬಗ್ಗೆ ಒಮ್ಮತವಿಲ್ಲ: ಹನ್ನೊಂದನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಅದನ್ನು ಮೆಂತ್ಯೆ ಎಂದರೆ, ಸ್ಪೇನ್ ಮತ್ತು ಅರಬ್ ನಾಡುಗಳ ಮೂಲದ ಯಹೂದಿಗಳು ಅಲಸಂದಿ ಎಂದು ತಿಳಿದು ಅದನ್ನೇ ತಿನ್ನುತ್ತ ಬಂದರು. ಪೂರ್ವ ಯುರೋಪಿನಲ್ಲಿ ಯಿಡ್ಡಿಷ್ ಮಾತಾಡುವವರು ಇವೆರಡನ್ನೂ ಬಿಟ್ಟು ಗಜ್ಜರಿಗೆ ಬಂದರು, ಏಕೆಂದರೆ ಅವರ ಮಾತಿನಲ್ಲಿ ಗಜ್ಜರಿಗೂ ‘ಹೆಚ್ಚುವುದು’ ಎಂಬುದಕ್ಕೂ ‘ಮೆರೆನ್’ ಎಂಬ ಒಂದೇ ಧ್ವನಿ. ಹಳೆಯ ಶಬ್ದ ಕಿವಿಗೆ ಸತ್ತಾಗ ಹೊಸ ಶಬ್ದವನ್ನು ಹುಡುಕಿ, ಆ ಶಬ್ದಕ್ಕೆ ತಕ್ಕ ತರಕಾರಿಯನ್ನು ತಟ್ಟೆಗೆ ತಂದರು.

ನಮ್ಮ ಪೇಟೆಯಲ್ಲೂ ಇದರ ನಿದರ್ಶನವಿದೆ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವ ಗುಜರಾತಿ ವ್ಯಾಪಾರಿಗಳೂ ಮರಾಠಿ ಮನೆಗಳವರೂ ಧನತ್ರಯೋದಶಿಯಂದು ಧನಿಯಾ ಮತ್ತು ಬೆಲ್ಲವನ್ನು ನೈವೇದ್ಯಕ್ಕೆ ಇಡುತ್ತಾರೆ. ಧನಕ್ಕೂ ಧನಿಯಾಕ್ಕೂ ಇರುವ ನಂಟು ಕೇಳಿದೊಡನೆ ತಿಳಿಯುತ್ತದೆ. ಅದೇ ಕಾಳನ್ನು ಕನ್ನಡದಲ್ಲಿ ಕೊತ್ತಂಬರಿ ಎಂದೊಡನೆ ಲಕ್ಷ್ಮಿ ಹೊರಟುಹೋಗುತ್ತಾಳೆ. ನಮ್ಮ ಪಾಲಿಗೆ ಸಂಕ್ರಮಣದ ‘ಎಳ್ಳು-ಬೆಲ್ಲ ತಗೊಂಡು ಒಳ್ಳೊಳ್ಳೆ ಮಾತಾಡೋಣ’ ಇದೆ. ಎಳ್ಳಿಗೂ ಒಳ್ಳೆಯದಕ್ಕೂ ಇರುವ ಪ್ರಾಸ ಕನ್ನಡದ ಸ್ವಂತ ಆಸ್ತಿ. ಬೀದರದ ಎಷ್ಟೋ ಮನೆಗಳಲ್ಲಿ ಕುಸುರೆಳ್ಳು ಕೊಡುವಾಗ ಇದನ್ನೂ ಹೇಳುತ್ತಾರೆ, ಮರಾಠಿಯ ‘ತಿಳಗೂಳ್ ಘ್ಯಾ, ಗೋಡ್ ಗೋಡ್ ಬೋಲಾ’ ಎಂಬುದನ್ನೂ ಹೇಳುತ್ತಾರೆ.

ತಿನ್ನಬಾರದ ಪದಾರ್ಥಗಳ ಪಟ್ಟಿಯೂ ಉಂಟು. ಕೋಳಿ ಹಿಂದಕ್ಕೆ ಕೆದರುತ್ತದೆ, ಲಾಬ್‌ಸ್ಟರ್ ಎಂಬ ಕಡಲಜೀವಿ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ವರ್ಷದ ಮೊದಲ ದಿನ ಅವು ಬೇಡ. ಹಂದಿ ಮೂತಿಯಿಂದ ಮುಂದಕ್ಕೆ ನೂಕುತ್ತದೆ, ಆದ್ದರಿಂದ ಅದು ಆದೀತು ಎಂಬುದು ಯುರೋಪಿನ ಹಲವು ಕಡೆಯ ಲೆಕ್ಕ.

ಇನ್ನು ರುಚಿ. ಹೊಸ ವರ್ಷಕ್ಕೆ ಸಿಹಿಯನ್ನು ಬಯಸುವುದರಲ್ಲಿ ವಿಶೇಷವಿಲ್ಲ. ಯಹೂದಿಗಳು ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ, ಅವರಲ್ಲಿ ಕೆಲವರು ಆ ದಿನ ಹುಳಿಯನ್ನೂ ವಿನಿಗರನ್ನೂ ಮುಟ್ಟುವುದಿಲ್ಲ. ಇರಾನಿನ ಹೊಸ ವರ್ಷವಾದ ನೌರೋಜ್ ಅಷ್ಟು ಕಟ್ಟುನಿಟ್ಟಲ್ಲ. ಮಾರ್ಚ್ 20 ಅಥವಾ 21ರ ಸುಮಾರಿಗೆ, ಹಗಲು-ರಾತ್ರಿ ಸಮವಾಗುವ ಕ್ಷಣಕ್ಕೆ, ‘ಸ’ಕಾರದ ಏಳು ವಸ್ತುಗಳನ್ನು ಹಾಸಿನ ಮೇಲೆ ಇಡುತ್ತಾರೆ: ಮೊಳಕೆ ಬರಿಸಿದ ಗೋಧಿಯ ಹಸಿರು, ಗೋಧಿ ಮೊಳಕೆಯ ಪಾಯಸ, ಸೆಂಜೆದ್ ಎಂಬ ಒಣಹಣ್ಣು, ಬೆಳ್ಳುಳ್ಳಿ, ಸೇಬು, ಸುಮಾಕ್ ಎಂಬ ಹುಳಿಪುಡಿ, ವಿನಿಗರು. ಇಲ್ಲಿ ಹುಳಿಗೂ ಘಾಟಿಗೂ ಜಾಗವಿದೆ. ಬೀದರದಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಬಂದದ್ದು ಕ್ಯಾಸ್ಪಿಯನ್ ದಂಡೆಯ ಗಿಲಾನ್ ಪ್ರಾಂತದಿಂದ. ಇಂದಿಗೂ ಆ ಕಡೆ ನೌರೋಜಿನ ಊಟವೆಂದರೆ ಸೊಪ್ಪು ಹಾಕಿದ ಅನ್ನ ಮತ್ತು ಮೀನು. ನೌರೋಜ್ ಸೂರ್ಯನ ಲೆಕ್ಕಕ್ಕೆ ಕಟ್ಟುಬಿದ್ದದ್ದು, ಯುಗಾದಿ ಚಂದ್ರನ ತಿಂಗಳನ್ನು ಅಧಿಕ ಮಾಸದಿಂದ ಸೂರ್ಯನಿಗೆ ಹೊಂದಿಸಿಕೊಂಡದ್ದು. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂದು ಎರಡೂ ಹೆಚ್ಚುಕಡಿಮೆ ಕೂಡಿಯೇ ಬಂದಿದ್ದವು. ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲ, ಅದು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ಅದರ ಮೊದಲ ದಿನಕ್ಕೆ ಯಾವುದೇ ಹೂವು, ಹಣ್ಣು, ಕಾಳನ್ನು ಗಂಟುಹಾಕುವುದು ಸಾಧ್ಯವಾಗದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಯುಗಾದಿಯ ಬೇವು ಮಾತ್ರ ಮರಗಳ ಪಂಚಾಂಗವನ್ನೇ ಅನುಸರಿಸುತ್ತದೆ. ಬೇವು ಹೂ ಬಿಡುವುದು, ಮಾವು ಎಳೆಗಾಯಿ ಹಿಡಿಯುವುದು, ಹೊಸ ಹುಣಸೆ ಮನೆಗೆ ಬರುವುದು, ಎಲ್ಲ ಚೈತ್ರದ ಹೊಸ್ತಿಲಲ್ಲೇ. ಮೈಸೂರು ಕಡೆ ಬೇವು-ಬೆಲ್ಲವನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಬೇವನ್ನು ಕುಡಿಯುತ್ತಾರೆ. ಹೊಸ ಮಣ್ಣಿನ ಗಡಿಗೆಯಲ್ಲಿ ಹುಣಸೆ ಕಿವುಚಿದ ನೀರು, ಅದಕ್ಕೆ ಬೆಲ್ಲ, ತುರಿದ ಮಾವಿನಕಾಯಿ, ಪುಟಾಣಿ ಹಿಟ್ಟು, ಗಸಗಸೆ, ಕೊಬ್ಬರಿ, ಬಾದಾಮಿ, ಒಣದ್ರಾಕ್ಷಿ, ಮನೆಯವರಿಗೆ ಕೈಲಾದ ಇತರ ಹಣ್ಣು, ಮೇಲೆ ಬೇವಿನ ಹೂವು. ಗಡಿಗೆಯ ಹೊಸ ಮಣ್ಣಿನ ವಾಸನೆ ಬೆಲ್ಲದ ನೀರಿಗೆ ಇಳಿದಿರುತ್ತದೆ. ಮೊದಲ ಗುಟುಕು ಹುಳಿ-ಸಿಹಿ, ಕಹಿ ಗಂಟಲಿಳಿದ ಮೇಲೆ ನಿಧಾನವಾಗಿ ತಿಳಿಯುತ್ತದೆ. ಆ ದಿನ ಓಣಿಯಲ್ಲಿ ಎದುರಾದವರು ‘ಬೇವು ಕುಡದ್ರೇನ್ರಿ?’ ಎಂದೇ ಮಾತು ತೆಗೆಯುತ್ತಾರೆ.

ಬೇವು-ಬೆಲ್ಲವೆಂದರೆ ಸುಖ-ದುಃಖಗಳ ಸಮಪಾಲು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಅದನ್ನು ಸೇವಿಸುವಾಗ ಹೇಳುವ ‘ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ | ಸರ್ವಾರಿಷ್ಟವಿನಾಶಾಯ ನಿಂಬಕಂದಳಭಕ್ಷಣಂ’ ಎಂಬ ಶ್ಲೋಕವನ್ನು ಗಮನವಿಟ್ಟು ಓದಿದರೆ ದುಃಖವನ್ನು ಒಪ್ಪಿಕೊಳ್ಳುವ ಮಾತು ಅಲ್ಲೆಲ್ಲೂ ಬರುವುದಿಲ್ಲ. ನೂರು ವರ್ಷದ ಆಯುಷ್ಯ, ವಜ್ರದಂಥ ದೇಹ, ಸಕಲ ಸಂಪತ್ತು, ಎಲ್ಲ ಅರಿಷ್ಟಗಳ ನಾಶ, ಇಷ್ಟಕ್ಕಾಗಿ ಬೇವಿನ ಸೇವನೆ. ಇಟಲಿಯ ಕಾಳಿಗಿಂತಲೂ ಚೀನದ ಮೀನಿಗಿಂತಲೂ ಇದರ ಬೇಡಿಕೆ ದೊಡ್ಡದು. ಸಮಪಾಲಿನ ತತ್ತ್ವ ಅರ್ಥಪೂರ್ಣವೇ ಸರಿ, ಆದರೆ ಈ ಶ್ಲೋಕದ ಮಟ್ಟಿಗೆ ಬೇವೂ ಒಂದು ಅಪ್ಪಟ ಅದೃಷ್ಟದ ತಿನಿಸು. ಅದರ ಸೋಜಿಗವೆಂದರೆ ಆ ಎಲ್ಲ ಸಂಪತ್ತನ್ನೂ ಅದು ಕಹಿಯ ಬೆಲೆಗೆ ಕೇಳುತ್ತದೆ.

2025ರ ಮಾರ್ಚ್ 30ರಂದು, ಯುಗಾದಿಯ ಬೆಳಗ್ಗೆ, ಅಣ್ಣನ ಮಗಳು ಬೇವಿನ ಲೋಟ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಪಾನಕವನ್ನೆಲ್ಲ ಕುಡಿದು, ತಳದಲ್ಲಿ ಉಬ್ಬಿ ಕೂತಿದ್ದ ಒಣದ್ರಾಕ್ಷಿಗಳನ್ನು ಬೆರಳಿನಿಂದ ಒಂದೊಂದಾಗಿ ಎತ್ತಿ ಎಣಿಸಿದಳು. ಏಳು ಸಿಕ್ಕವು. ಇನ್ನೈದು ದ್ರಾಕ್ಷಿಗಾಗಿ ಗಡಿಗೆಯ ಹತ್ತಿರ ಹೋಗಿ, ಮುಖ ಕಿವುಚಿಕೊಂಡು, ಇನ್ನೊಂದು ಲೋಟ ಬೇವು ಹಾಕಿಸಿಕೊಂಡಳು.